ಭಟ್ಟರ ಪಕ್ಕದ ಮೀನಿನ ಬುಟ್ಟಿ

ಎಪ್ಪತ್ತರ ದಶಕದಲ್ಲಿ ನಾನು ಪಡುಬಿದ್ರೆಯಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್. ಮೀನಿನ ಬುಟ್ಟಿ ಹಿಂದಿನ ಸೀಟಿನ ಹತ್ತಿರವೇ ಇರಬೇಕೆಂಬುದು ನಮ್ಮ ಬಸ್ಸಿನ ರೂಲು. ಒಂದು ದಿನ ಮಧ್ಯದ ಸೀಟಿನಿಂದ ವಾಸನೆ ಬಂತು. ಅಲ್ಲಿ ಕೂತಿದ್ದವರು ಸಂಸ್ಕೃತ ಮೇಷ್ಟ್ರು ಭಟ್ಟರು. ಜನ ಮೂಗು ಮುಚ್ಚಿಕೊಂಡು ಅವರ ಚೀಲವನ್ನೇ ನೋಡತೊಡಗಿದರು. ಭಟ್ಟರು ಕದ್ದು ಮೀನು ಒಯ್ಯುತ್ತಾರೆಂಬ ಸುದ್ದಿ ಸಂಜೆಯೊಳಗೆ ಊರು ಮುಟ್ಟುವುದು ಖಂಡಿತ.

"ಭಟ್ರೇ, ಚೀಲದಲ್ಲಿ ಎಂತ ಉಂಟು?" ಎಂದೆ.

ಅವರು ಚೀಲ ಬಿಚ್ಚಿದರು. ಕೊಡೆ, ಮಜ್ಜಿಗೆಯ ಬಾಟಲಿ.

"ಮೀನಲ್ಲ ಮಾರಾಯ, ನಾನು," ಎಂದರು ಮೆಲ್ಲಗೆ. "ನನ್ನ ಬೆವರೇ ಹೀಗೆ ನಾರುವುದು. ಮಣಿಪಾಲದ ಡಾಕ್ಟರು ಇದೊಂದು ಕಾಯಿಲೆ ಎಂದರು. ಮೀನು, ಮೊಟ್ಟೆ ಬಿಡಿ ಎಂದರು. ಮುಟ್ಟದ್ದನ್ನು ಬಿಡುವುದು ಹೇಗೆ?"

ಹಿಂದಿನಿಂದ ಎರ್ಮಾಳಿನ ಮೀನು ಮಾರುವ ಗಿರಿಜಕ್ಕ ಕರೆದರು. "ಭಟ್ರೇ, ಇಲ್ಲಿ ಬನ್ನಿ. ನನ್ನ ಬುಟ್ಟಿಯ ಹತ್ತಿರ ಕೂತರೆ ನಿಮ್ಮನ್ನು ಯಾರೂ ಕೇಳುವುದಿಲ್ಲ."

ಭಟ್ಟರು ಒಮ್ಮೆ ಬುಟ್ಟಿ ನೋಡಿದರು, ಒಮ್ಮೆ ಜನರನ್ನು ನೋಡಿದರು. ಆಮೇಲೆ ಎದ್ದು ಹೋಗಿ ಬುಟ್ಟಿಯ ಪಕ್ಕ ಕೂತರು. ಅಂದಿನಿಂದ ಬಸ್ಸಿನ ಬೈಗುಳವೆಲ್ಲ ಬುಟ್ಟಿಯ ಪಾಲಿಗೆ.

ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯಲಿಲ್ಲ, ಗಿರಿಜಕ್ಕನೂ ಬಸ್ಸಿಗೆ ಬರಲಿಲ್ಲ. ಆದರೆ ತಮ್ಮ ಖಾಲಿ ಬುಟ್ಟಿಯನ್ನು ಭಟ್ಟರಿಗೆ ಕೊಟ್ಟಿದ್ದರು. ಭಟ್ಟರು ಅದನ್ನು ಕಾಲ ಬಳಿ ಇಟ್ಟುಕೊಂಡು ಓಡಾಡಿದರು.

ಕಾಪುವಿನಲ್ಲಿ ಹತ್ತಿದ ಹೊಸಬರೊಬ್ಬರು ಮೂಗರಳಿಸಿ, ಆಸೆಯಿಂದ ಬುಟ್ಟಿಯೊಳಗೆ ಬಗ್ಗಿ ನೋಡಿದರು.

ಭಟ್ಟರು ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದರು: "ಈಗಷ್ಟೇ ಮುಗಿಯಿತು. ನಾಳೆ ಬನ್ನಿ."