ಪಿಟೀಲು ಮೇಷ್ಟ್ರ ಕಿರುಬೆರಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸುವ ಸಣ್ಣ ಕೋಣೆಯೊಂದಿತ್ತು. ಇಪ್ಪತ್ತೆರಡು ವರ್ಷಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದವಳನ್ನು ರೋಗಿಗಳೆಲ್ಲ ಬೆರಳಕ್ಕ ಎಂದೇ ಕರೆಯುತ್ತಿದ್ದರು. ಹಟ ಹಿಡಿದ ಬೆರಳುಗಳನ್ನು ದಾರಿಗೆ ತರುವುದರಲ್ಲಿ ಅವಳದು ಎತ್ತಿದ ಕೈ. ಗುಟ್ಟು ಮುಚ್ಚಿಟ್ಟುಕೊಳ್ಳುವುದು ಮಾತ್ರ ಅವಳ ಜಾಯಮಾನಕ್ಕೆ ಒಗ್ಗದ ಕೆಲಸ.

ಅಂಥವಳ ಮುಂದೆ ಒಂದು ಮಂಗಳವಾರ, ಅರ್ಧ ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಬಂದು ಕೂತವರು ಪಿಟೀಲು ಮೇಷ್ಟ್ರು! ನಲವತ್ತು ವರ್ಷ ದೇಶದೇಶಗಳಲ್ಲಿ ನುಡಿಸಿ ಹೆಸರಾದವರು ಎರಡು ವರ್ಷದಿಂದ ವೇದಿಕೆಯ ಕಡೆ ತಲೆ ಹಾಕಿರಲಿಲ್ಲ. ಕಾರಣ ಈಗ ಅವಳ ಕಣ್ಣೆದುರಿಗಿತ್ತು. ಪಾರ್ಶ್ವವಾಯು ಹೊಡೆದು ಎಡಗೈ ಸೋತಿತ್ತು. ತಂತಿ ಒತ್ತುವ ಕೈ ಅದೇ.

“ಯಾರಿಗೂ ಹೇಳಬಾರದು. ನಿಮ್ಮ ಮನೆಯವರಿಗೂ,” ಎಂದು ಮಾತು ತೆಗೆದುಕೊಂಡರು.

ಮನೆಯವರದೇ ಫಜೀತಿ. ಗಡಿಯಾರ ರಿಪೇರಿ ಮಾಡುವ ಅವಳ ಗಂಡನಿಗೆ ಮೇಷ್ಟ್ರೆಂದರೆ ಪ್ರಾಣ. ಅಂಗಡಿ ಬಾಗಿಲು ತೆಗೆದರೆ ಸಾಕು, ಅವರದೇ ರೆಕಾರ್ಡು. ಈಚೆಗೆ ಆ ಪ್ರೀತಿ ಸಿಟ್ಟಿಗೆ ತಿರುಗಿತ್ತು. “ಹೆಸರು ಬಂತಲ್ಲ, ತಲೆಗೇರಿದೆ. ನಮ್ಮಂಥೋರು ಕಾಯ್ತಾ ಇದೀವಿ ಅಂತ ನೆನಪಾದ್ರೂ ಇದೆಯಾ ಆ ಮನುಷ್ಯನಿಗೆ?” ಎಂದು ಊಟಕ್ಕೆ ಕೂತಾಗಲೆಲ್ಲ ಗೊಣಗುತ್ತಿದ್ದ. ಅವಳು ನಾಲಿಗೆ ತುದಿಗೆ ಬಂದದ್ದನ್ನು ತುತ್ತಿನ ಜೊತೆ ನುಂಗುತ್ತಿದ್ದಳು.

ಏಳು ತಿಂಗಳು ಹೀಗೇ ನಡೆಯಿತು. ಸ್ಪಂಜು ಹಿಂಡಿಸಿದಳು, ಬಟ್ಟೆಗೆ ಹಾಕುವ ಕ್ಲಿಪ್ಪು ಒತ್ತಿಸಿದಳು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿಸಿದಳು. ಒಂದು ದಿನ ಮೇಷ್ಟ್ರು ಗುಂಡಿಯ ತಟ್ಟೆಯನ್ನೇ ತಳ್ಳಿಬಿಟ್ಟರು.

“ನಾನೇನು ದರ್ಜಿಯೇನಮ್ಮಾ?”

“ನೆಲದ ಮೇಲಿರೋದನ್ನೂ ಎಡಗೈಯಲ್ಲೇ ಹೆಕ್ಕಬೇಕು ಸಾರ್,” ಎಂದಳು ಅವಳು, ಜಗ್ಗದೆ.

ಮೇಷ್ಟ್ರು ಅವಳನ್ನೇ ದುರುಗುಟ್ಟಿ ನೋಡಿ, ಕೊನೆಗೆ ನಗು ತಡೆಯಲಾರದೆ ನೆಲಕ್ಕೆ ಕೂತರು. ಮೂರು ಬೆರಳುಗಳು ಹದಕ್ಕೆ ಬಂದವು. ಕಿರುಬೆರಳು ಮಾತ್ರ ಮೊಂಡುತನ ಬಿಡಲಿಲ್ಲ.

“ಇನ್ನೂ ಎರಡು ತಿಂಗಳು ವೇದಿಕೆ ಮಾತೇ ಬೇಡ,” ಎಂದು ಕಡ್ಡಿ ಮುರಿದಂತೆ ಹೇಳಿದಳು. “ಆಗಲಮ್ಮ,” ಎಂದು ತಲೆಯಾಡಿಸಿದರು ಮೇಷ್ಟ್ರು, ಬಹಳ ವಿಧೇಯರಂತೆ.

ಮರುವಾರ ಭಾನುವಾರ ಮಧ್ಯಾಹ್ನ, ಮಕ್ಕಳ ವಾರ್ಡಿನ ಸಹಾಯಾರ್ಥ ಸಂಗೀತ ಕಾರ್ಯಕ್ರಮ. ಗಂಡ ಹೆಂಡತಿ ಮೂರನೇ ಸಾಲಿನಲ್ಲಿದ್ದರು. ದಾದಿಯರು ಹಾಡಿದರು, ಹಲ್ಲಿನ ಡಾಕ್ಟರು ಕೊಳಲಿನಲ್ಲಿ ಬರೀ ಗಾಳಿ ಊದಿದರು. ಗಂಡ ಎರಡು ಸಲ ಆಕಳಿಸಿದ. ಅಷ್ಟರಲ್ಲಿ ಪರದೆ ಸರಿಸಿಕೊಂಡು, ಪಿಟೀಲು ಹಿಡಿದು, ಮೇಷ್ಟ್ರು ಹೊರಗೆ ಬಂದರು.

ಸಭೆ ಒಮ್ಮೆಲೇ ಎದ್ದು ನಿಂತಿತು. ಗಂಡ ಕುರ್ಚಿ ಕೆಡವಿಕೊಂಡು ಎದ್ದ. ಬೆರಳಕ್ಕ ಮಾತ್ರ ಕೂತಲ್ಲಿಂದಲೇ ಕತ್ತು ಚಾಚಿ ಅವರ ಎಡಗೈ ನೋಡಿದಳು.

ನುಡಿಸಾಣಿಕೆ ಶುರುವಾಯಿತು. ಅವಳಿಗೆ ಸಂಗೀತ ಕೇಳಿಸಲೇ ಇಲ್ಲ. ಜೀವವೆಲ್ಲ ಆ ಕಿರುಬೆರಳ ಮೇಲಿತ್ತು. ಒಂದು ಕಡೆ ಅದು ಜಾರಿತು. ಸ್ವರ ಸೊಟ್ಟಗಾಯಿತು. ಮೇಷ್ಟ್ರು ಗಾಬರಿಯಾಗಲಿಲ್ಲ. ನಿಧಾನ ಮಾಡಿಕೊಂಡು ಅದೇ ಜಾಗಕ್ಕೆ ಮತ್ತೆ ಬಂದರು. ಈ ಸಲ ಬೆರಳು ತಂತಿಯ ಮೇಲೆ ಗಟ್ಟಿಯಾಗಿ ಕೂತಿತು, ಕದಲಲಿಲ್ಲ. ಆಗಷ್ಟೇ ಅವಳ ಕಿವಿ ತೆರೆಯಿತು.

ಮುಗಿದ ಮೇಲೆ ಮೇಷ್ಟ್ರು ಮೈಕಿನ ಹತ್ತಿರ ಬಂದರು. “ನನ್ನ ಎಡಗೈ ಬಿದ್ದುಹೋಗಿತ್ತು. ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಬ್ಬ ತಾಯಿ ಅದನ್ನ ಮತ್ತೆ ಎತ್ತಿ ನಿಲ್ಲಿಸಿದರು. ಯಾರಿಗೂ ಹೇಳಬೇಡಿ ಅಂದಿದ್ದೆ. ಅಮ್ಮಾ, ಇನ್ನು ಹೇಳಬಹುದು. ಎರಡು ತಿಂಗಳು ಕಾಯೋಕಾಗಲಿಲ್ಲ, ಬೈಬೇಡಿ.”

ಗಂಡ ಮೆಲ್ಲಗೆ ಅವಳ ಕಡೆ ತಿರುಗಿದ. “ನೆಲಮಾಳಿಗೆ ಅಂದ್ರೆ… ನೀನಾ?”

“ಹೂಂ. ಏಳು ತಿಂಗಳಿಂದ.”

“ಅವರನ್ನ ನಾನು ಅಷ್ಟೊಂದು ಬೈತಿದ್ರೂ ಸುಮ್ನೆ ಕೂತಿದ್ಯಲ್ಲೇ!”

“ಮತ್ತೇನ್ರೀ ಮಾಡ್ಲಿ? ಹೊಟ್ಟೆ ಒಡೆದು ಸಾಯೋದೊಂದು ಬಾಕಿ ಇತ್ತು,” ಎನ್ನುವಷ್ಟರಲ್ಲಿ ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮನೆಗೆ ಬಸ್ಸಿತ್ತು, ಹತ್ತಲಿಲ್ಲ. ಬಿಸಿಲಿಳಿದ ರಸ್ತೆಯಲ್ಲಿ ನಡೆದೇ ಹೊರಟರು. ಅವನು ಕೇಳಿದ್ದಕ್ಕೆಲ್ಲ ಹೇಳಿದಳು, ಕೇಳದ್ದನ್ನೂ ಹೇಳಿದಳು. ಮನೆ ಮುಟ್ಟುವ ಹೊತ್ತಿಗೆ ಅವಳ ಗಂಟಲು ಕಟ್ಟಿತ್ತು. ಎದೆ ಮಾತ್ರ ಹತ್ತಿಯಷ್ಟು ಹಗುರವಾಗಿತ್ತು.