ಒಮ್ಮೊಮ್ಮೆ ಏರುವ ಮುಳ್ಳು

ಲೀಲಾಬಾಯಿಯವರ ಎದುರು ‘ಒಮ್ಮೊಮ್ಮೆ’ ಎಂಬ ಮಾತು ಆಡಿ ಯಾರೂ ಪಾರಾಗುವಂತಿರಲಿಲ್ಲ. ಒಮ್ಮೊಮ್ಮೆ ತಲೆ ನೋಯುತ್ತದೆ ಎಂದು ನಾನು ಹೇಳಿದರೆ, “ಒಮ್ಮೊಮ್ಮೆ ಅಂದ್ರ ಯಾವಾಗ?” ಎಂದು ಕೇಳುತ್ತಿದ್ದರು. ಉಂಡ ಮೇಲೋ, ಉಣ್ಣುವ ಮೊದಲೋ? ಬಿಸಿಲಿಗೆ ಹೋಗಿ ಬಂದಾಗಲೋ? ಎಡಗಡೆಯೋ, ಬಲಗಡೆಯೋ? ನನ್ನ ತಲೆನೋವು ಈ ವಿಚಾರಣೆಗೆ ಹೆದರಿ ಹೋಗಿಬಿಡುತ್ತಿತ್ತು. ಅದೂ ಅವರಿಗೆ ಸಮಾಧಾನ ಕೊಡುತ್ತಿರಲಿಲ್ಲ. “ಹೋಗೇತಿ ಅಂದ್ರ ಆರಾಮ ಆಗೇತಿ ಅಂತಲ್ಲ, ವಾರಿಜಾ,” ಎನ್ನುತ್ತಿದ್ದರು.

ಅವರು ಧಾರವಾಡದ ಕಡೆಯವರು. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದವರು ಅಲ್ಲಿಯೇ ಉಳಿದರು. ಕುಂದಾಪುರದ ಕಡೆಯಿಂದ ಕೆಲಸಕ್ಕೆಂದು ಬಂದ ನಾನು ಅವರ ಕಟ್ಟಡದಲ್ಲೇ, ಒಂದು ಮಹಡಿ ಕೆಳಗೆ, ಇನ್ನಿಬ್ಬರು ಹುಡುಗಿಯರೊಂದಿಗೆ ಬಾಡಿಗೆಗಿದ್ದೆ. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಧಾನ್ಯದ ವ್ಯಾಪಾರಿಯೊಬ್ಬರ ಕಚೇರಿ. ಅಲ್ಲಿ ಲೀಲಾಬಾಯಿಯವರದು ಲೆಕ್ಕ ಬರೆಯುವ ಕೆಲಸ. ಅದೇ ಬೀದಿಯ ಸಾರಿಗೆ ಕಂಪನಿಯೊಂದರಲ್ಲಿ ನನ್ನದು ಗುಮಾಸ್ತಿಕೆ. ಹಿಂದೊಮ್ಮೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಲೋಕಲ್ ಹತ್ತುವಾಗ ನೂಕುನುಗ್ಗಲಲ್ಲಿ ಬಿದ್ದು ಅವರ ಎಡ ರಟ್ಟೆ ಮುರಿದಿತ್ತು. ಆಮೇಲೆ ಆ ಕೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಕಾರಿನ ಗೇರು ಹಾಕಲು ಅಷ್ಟು ಸಾಕಾಗಿತ್ತು, ರೈಲಿನ ಹಿಡಿಕೆಗೆ ನೇತಾಡಲು ಸಾಲುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ, ಐವತ್ತರ ಹತ್ತಿರದಲ್ಲಿ, ಅವರು ಬಿಟ್ಟುಹೋಗಿದ್ದ ಬಿಳಿ ಬಣ್ಣದ ಪುಟ್ಟ ಕಾರು ಓಡಿಸಲು ಕಲಿತರು. ಆ ಕಾರು ಇದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಕಾರಿನಲ್ಲಿ ಮೂವರು ಹೋಗುತ್ತಿದ್ದೆವು. ಮೂರನೆಯವರು ಭೋಜಣ್ಣ, ಲೀಲಾಬಾಯಿಯವರ ಬಾಯಲ್ಲಿ ಶೆಟ್ಟರು. ವಾಶಿಯ ಒಂದು ಹೋಟೆಲಿನಲ್ಲಿ ಮೇಲ್ವಿಚಾರಕ, ಕಾರ್ಕಳದ ಕಡೆಯವರು, ಆಜಾನುಬಾಹು. ಹಿಂದಿನ ಸೀಟಿನಲ್ಲಿ ಅವರ ಕಾಲು ಹಿಡಿಸುತ್ತಿರಲಿಲ್ಲವಾದ್ದರಿಂದ ಮುಂದಿನ ಸೀಟು ಅವರದೇ. ಶಿಲ್ ಫಾಟಾ ದಾಟಿ ಮಹಾಪೆಯ ಮೇಲೆ ವಾಶಿಗೆ ಹೋಗುವ ದಾರಿಯುದ್ದಕ್ಕೂ ಕಂಟೇನರ್ ಲಾರಿಗಳು. ಅವುಗಳ ನಡುವೆ ಲೀಲಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಯಾರಿಗೂ ದಾರಿ ಬಿಡದೆ ಓಡಿಸುತ್ತಿದ್ದರು. ಭೋಜಣ್ಣ ಕಿಟಕಿಯ ಮೇಲಿನ ಹಿಡಿಕೆ ಬಿಡುತ್ತಿರಲಿಲ್ಲ. ಮಾತೂ ಆಡುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಇದ್ದಕ್ಕಿದ್ದಂತೆ ಕೆಂಪು ಗೆರೆಗೆ ಏರಿತು. ಲೀಲಾಬಾಯಿ ತಕ್ಷಣ ಗಾಡಿಯನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿದರು. ಅಷ್ಟರಲ್ಲಿ ಮುಳ್ಳು ಕೆಳಗಿಳಿದಿತ್ತು. ಬಾನೆಟ್ ಎತ್ತಿ ನೋಡಿದರೆ ನೀರು ಇತ್ತು, ಹಬೆ ಇರಲಿಲ್ಲ. ಮುಂದೆ ಹೊರಟೆವು. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಆಮೇಲೆ ಇದೇ ಪಾಡಾಯಿತು. ಕೆಲವು ದಿನ ಏನೂ ಇಲ್ಲ, ಕೆಲವು ದಿನ ಒಂದೇ ಪ್ರಯಾಣದಲ್ಲಿ ಎರಡೆರಡು ಸಲ. ಪ್ರತಿ ಸಲವೂ ಅವರು ನಿಲ್ಲಿಸುತ್ತಿದ್ದರು, ಇಳಿಯುತ್ತಿದ್ದರು, ನೋಡುತ್ತಿದ್ದರು. ನಾವು ಲಾರಿಗಳ ಧೂಳು ಕುಡಿಯುತ್ತ ರಸ್ತೆ ಪಕ್ಕ ನಿಲ್ಲುತ್ತಿದ್ದೆವು.

“ಇದು ನಿಜವಾದ ಬಿಸಿ ಅಲ್ಲ ಮೇಡಂ,” ಎಂದು ಭೋಜಣ್ಣ ಒಮ್ಮೆ ಹೇಳಿದರು. “ನಮ್ಮ ಹೋಟೆಲಿನ ಬಾಯ್ಲರ್ ಕಾಯ್ಲಿಕ್ಕೆ ಎಷ್ಟು ಹೊತ್ತು ಬೇಕು! ಇದು ಒಂದೇ ಹಾರಿಗೆ ಮೇಲೆ ಹೋಗ್ತದೆ, ಒಂದೇ ಹಾರಿಗೆ ಇಳೀತದೆ. ನೀರು ಹಾಗೆ ಕುದಿಯುವುದುಂಟಾ?”

“ಖರೆ ಐತಿ,” ಎಂದರು ಲೀಲಾಬಾಯಿ. “ಹಂಗಾರ ಇದು ಏನು?”

ಲೀಲಾಬಾಯಿ ಕಲ್ಯಾಣ್ ಶಿಲ್ ರಸ್ತೆಯ ಗ್ಯಾರೇಜಿನವನ ಬಳಿ ಹೋದರು. ಅವನು ಗಾಡಿಯನ್ನು ಒಂದು ಇಡೀ ದಿನ ಇಟ್ಟುಕೊಂಡು ಸುತ್ತಾಡಿಸಿದ, ಮುಳ್ಳು ಅಲುಗಲಿಲ್ಲ. ಸೆನ್ಸರ್ ಬದಲಾಯಿಸಿ ಕೊಟ್ಟ. ಮರುದಿನ ಶಿಲ್ ಫಾಟಾದಲ್ಲಿ ಮುಳ್ಳು ಏರಿತು. ಕೊನೆಗೆ, “ಭಾಭೀಜಿ, ಕಾಟಾ ಝೂಟ್ ಬೋಲ್ತಾ ಹೈ. ವೈರ್ ನಿಕಾಲ್ ದೇತಾ ಹೂಂ, ಟೆನ್ಶನ್ ಖತಂ,” ಎಂದ. ಮುಳ್ಳು ಸುಳ್ಳು ಹೇಳುತ್ತಿದೆ, ತಂತಿ ಕಿತ್ತರೆ ಚಿಂತೆ ಮುಗಿಯಿತು ಎನ್ನುವುದು ಅವನ ಲೆಕ್ಕ. ಅವನು ಹೇಳಿದ್ದರಲ್ಲಿ ತಪ್ಪೇನಾದರೂ ಇದೆ ಎಂದು ನನಗೆ ಅನ್ನಿಸಲಿಲ್ಲ. ಲೀಲಾಬಾಯಿ ಮಾತ್ರ ಕೀಲಿಕೈ ಇಸಿದುಕೊಂಡು ಬಂದುಬಿಟ್ಟರು.

ಯಾಕೆ ಎಂದು ಗೊತ್ತಾದದ್ದು ಕೆಲವು ದಿನಗಳ ಮೇಲೆ, ಮಹಾಪೆಯ ಹತ್ತಿರ ಮತ್ತೆ ನಿಂತಾಗ. ಭೋಜಣ್ಣ ಚಹಾದ ಗಾಡಿ ಹುಡುಕಿಕೊಂಡು ಹೋಗಿದ್ದರು. ಲೀಲಾಬಾಯಿ ಒದ್ದೆ ಬಟ್ಟೆಯಿಂದ ರೇಡಿಯೇಟರಿನ ಮೇಲಿನ ಧೂಳು ಒರೆಸುತ್ತ, ನನ್ನ ಕಡೆ ನೋಡದೆಯೇ ಹೇಳಿದರು.

“ನಮ್ಮ ಮನಿಯವರಿಗೆ ಎದಿಯಾಗ ಒಮ್ಮೊಮ್ಮೆ ಹಿಡಿದಂಗ ಆಗತಿತ್ತು. ದವಾಖಾನಿ ಮುಟ್ಟೂದ್ರಾಗ ಹೋಗಿಬಿಡತಿತ್ತು. ಇಸಿಜಿ ಪಟ್ಟಿ ತಗದ್ರ ಎಲ್ಲಾ ಚೊಲೋ. ಗ್ಯಾಸ್ ಅಂದ್ರು. ಮತ್ತ ಆತು, ಮತ್ತ ಹೋದ್ವಿ, ಮತ್ತ ಗ್ಯಾಸ್ ಅಂದ್ರು. ಆಮ್ಯಾಲ ಇವರಿಗೇ ನಾಚಿಕಿ ಬಂತು. ಎಷ್ಟ ಸಲ ಹೋಗಿ ಏನೂ ಇಲ್ಲಂತ ಹೇಳಿಸಿಕೊಂಡು ಬರೂದು, ಸುಮ್ನಿರು ಅಂದ್ರು. ನಾನೂ ಸುಮ್ನಾದೆ.”

ಬಟ್ಟೆ ಹಿಂಡಿ ಡಿಕ್ಕಿಯಲ್ಲಿಟ್ಟರು. “ಒಂದಿನ ಮುಂಜಾನೆ ಬೂಟಿನ ಲೇಸು ಕಟ್ಟಿಕೊಳ್ಳಾಕ ಬಗ್ಗಿದವರು ಮ್ಯಾಲೆ ಏಳಲಿಲ್ಲ.” ಅಷ್ಟು ಹೇಳಿ, ಬಾನೆಟ್ ಹಾಕಿದರು. ಚಹಾ ಬಂತು, ಕುಡಿದೆವು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ.

ಅವರ ಈ ಗುಣ ಎಲ್ಲ ಸಲವೂ ಫಲ ಕೊಡುತ್ತಿತ್ತು ಎಂದಲ್ಲ. ನಮ್ಮ ಕಟ್ಟಡದ ಲಿಫ್ಟು ಏನೋ ಸದ್ದು ಮಾಡುತ್ತದೆ ಎಂದು ನಿವಾಸಿಗಳ ಸೊಸೈಟಿಯ ಬೆನ್ನು ಹತ್ತಿ ಅದನ್ನು ನಿಲ್ಲಿಸಿದರು. ಬಹಳ ದಿನ ಮಕ್ಕಳು ಮುದುಕರೆನ್ನದೆ ಎಲ್ಲರೂ ಮೆಟ್ಟಿಲು ಹತ್ತಿದರು. ಲಿಫ್ಟ್ ಕಂಪನಿಯವರು ಬಂದು ಬಿಚ್ಚಿ ನೋಡಿದರೆ ಏನೂ ಇರಲಿಲ್ಲ. ಸಭೆಯಲ್ಲಿ ಮರಾಠಿಯಲ್ಲಿ ಬೈಸಿಕೊಂಡು ಬಂದ ಅವರು, “ಸಿಗಲಿಲ್ಲ,” ಎಂದಷ್ಟೇ ಹೇಳಿ ಅನ್ನಕ್ಕಿಟ್ಟರು. ಕಲ್ಯಾಣಿನಲ್ಲಿದ್ದ ಮಗಳು ಸುಧಾ ಅಮ್ಮನಿಗೆ ಫೋನ್ ಮಾಡುವುದನ್ನೇ ಕಡಿಮೆ ಮಾಡಿದ್ದಳು. ಮಗುವಿಗೆ ಕೆಮ್ಮು ಎಂದು ಬಾಯಿ ತಪ್ಪಿ ಹೇಳಿದರೆ ಅರ್ಧ ಗಂಟೆ ಪ್ರಶ್ನೆ ಕೇಳುವ ತಾಯಿಗೆ ಯಾರು ತಾನೇ ಫೋನ್ ಮಾಡುತ್ತಾರೆ?

ಕಾರಿನ ವಿಷಯದಲ್ಲಿ ಮೊದಲು ಕೈಬಿಟ್ಟವರು ಭೋಜಣ್ಣ. ಬೆಳಗಿನ ಪಾಳಿಗೆ ತಡವಾಗಿ ಹೋಗಿ ಧಣಿಯಿಂದ ಎಲ್ಲರ ಮುಂದೆ ಬೈಸಿಕೊಂಡ ದಿನ ಸಂಜೆ, “ಇನ್ನು ನನ್ನಿಂದ ಆಗುವುದಿಲ್ಲ ಮೇಡಂ. ನಾನು ಟ್ರೈನಲ್ಲೇ ಹೋಗ್ತೇನೆ,” ಎಂದರು. ಲೀಲಾಬಾಯಿ ಒತ್ತಾಯ ಮಾಡಲಿಲ್ಲ. ಮರುದಿನದಿಂದ ಮುಂದಿನ ಸೀಟಿಗೆ ನಾನು ಬಂದೆ.

ಅಂದಿನಿಂದ ಮುಳ್ಳು ಏರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ನಾವು ಹೊತ್ತಿಗೆ ಸರಿಯಾಗಿ ವಾಶಿ ತಲುಪುತ್ತಿದ್ದೆವು. ನನಗೆ ಹಾಯೆನಿಸಿತು. ಲೀಲಾಬಾಯಿ ಮಾತ್ರ ದಿನದಿಂದ ದಿನಕ್ಕೆ ಮಂಕಾದರು. ಒಂದು ಭಾನುವಾರ ಬೆಳಿಗ್ಗೆ ನನ್ನ ಬಾಗಿಲು ತಟ್ಟಿ, “ನಡಿ, ಶೆಟ್ಟರ ಮನೀಗೆ ಹೋಗೂಣು,” ಎಂದರು.

ಭೋಜಣ್ಣನ ಮನೆ ಸ್ಟೇಷನ್ನಿನ ಆಚೆ ಬದಿಗೆ. ಅವರ ಹೆಂಡತಿ ಗಿರಿಜಕ್ಕ ಚಹಾದ ಜೊತೆ ನೀರುದೋಸೆ ಮಾಡಿ ಬಡಿಸಿದರು. ಲೀಲಾಬಾಯಿ ಪೀಠಿಕೆಯಿಲ್ಲದೆ ಹೇಳಿದರು: “ನೀವು ಬಿಟ್ಟ ಮ್ಯಾಲೆ ಮುಳ್ಳು ಏರವಲ್ದು, ಶೆಟ್ಟರ.”

“ಒಳ್ಳೇದಾಯ್ತಲ್ಲ,” ಎಂದರು ಭೋಜಣ್ಣ.

“ಒಳ್ಳೇದಾಗಿಲ್ಲ. ಅದು ಏರಬೇಕು. ಏರಿದ್ರ ಸಿಗತೈತಿ. ನಾಳೆ ನೀವು ಬರ್ರಿ.”

ಭೋಜಣ್ಣನ ಮುಖ ಕೆಂಪಾಯಿತು. “ಎಂತ ಮಾರಾಯ್ರೆ, ನನ್ನ ತೂಕಕ್ಕೆ ಗಾಡಿ ಹಾಳಾಗ್ತದೆ ಅಂತ ಹೇಳ್ಲಿಕ್ಕೆ ಮನೆವರೆಗೆ ಬಂದದ್ದಾ ನೀವು?”

“ತೂಕದ ಮಾತಲ್ಲ. ಏನಂತ ನನಗೂ ತಿಳೀವಲ್ದು. ನೀವು ಇಲ್ಲದ ಅದು ತಿಳಿಯಂಗಿಲ್ಲ. ಕೈ ಮುಗೀತೀನಿ, ಒಂದಿನ ಬಂದು ಕೂಡ್ರಿ.”

ಅವರು ನಿಜವಾಗಿ ಕೈ ಮುಗಿದರು. ಯಾರ ಮುಂದೆಯೂ ತಗ್ಗದ ಹೆಂಗಸು ಹಾಗೆ ಮಾಡಿದ್ದು ನೋಡಿ ನನಗೆ ಎತ್ತ ನೋಡಬೇಕೆಂದು ತಿಳಿಯಲಿಲ್ಲ. ಗಿರಿಜಕ್ಕ ಗಂಡನಿಗೆ ತುಳುವಿನಲ್ಲಿ ಏನೋ ಗದರಿದರು. ಭೋಜಣ್ಣ, “ಆಯ್ತು, ಬರ್ತೇನೆ,” ಎಂದರು.

ಮರುದಿನ ಹೊರಡುವ ಮೊದಲು ಲೀಲಾಬಾಯಿ ನನ್ನನ್ನು ಪಕ್ಕಕ್ಕೆ ಕರೆದು, “ನಾನು ದಾರಿ ನೋಡತೀನಿ. ನೀ ಅವರನ್ನ ನೋಡು. ಮುಳ್ಳು ಏರಿದಾಗ ಅವರು ಏನ್ ಮಾಡಾಕತ್ತಿದ್ರು, ಹೇಳು,” ಎಂದರು. ಹಿಂದಿನ ಸೀಟಿನ ನಡುವೆ ಕೂತು ನಾನು ಭೋಜಣ್ಣನ ಕುತ್ತಿಗೆ, ಕೈ, ಕಾಲು ನೋಡುತ್ತ ಹೋದೆ. ಶಿಲ್ ಫಾಟಾದ ಮೊದಲು ಎದುರಿನ ಕಂಟೇನರ್ ತಟಕ್ಕನೆ ನಿಧಾನಿಸಿತು. ಲೀಲಾಬಾಯಿ ಬ್ರೇಕ್ ಒತ್ತಿದರು. ಭೋಜಣ್ಣನೂ ಒತ್ತಿದರು. ಅವರ ಎದುರು ಬ್ರೇಕೇ ಇರಲಿಲ್ಲ. ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿ ಕಾರಿನ ಎದುರುಗೋಡೆಯನ್ನೇ ಶಕ್ತಿಯೆಲ್ಲ ಹಾಕಿ ತುಳಿದಿದ್ದರು. ಮುಳ್ಳು ಕೆಂಪಿಗೆ ಹಾರಿತು.

“ಬಾಯಿ, ಭೋಜಣ್ಣನ ಕಾಲು!” ಎಂದು ಕೂಗಿದೆ.

ಗಾಡಿ ಪಕ್ಕಕ್ಕೆ ನಿಂತಿತು. “ಕಾಲು ತಗೀಬ್ಯಾಡ್ರಿ ಶೆಟ್ಟರ!” ಎಂದರು ಲೀಲಾಬಾಯಿ. ಭೋಜಣ್ಣ ಕಲ್ಲಾಗಿ ಕೂತರು. ಮುಳ್ಳು ಮೇಲೆಯೇ ಇತ್ತು.

“ಈಗ ತಗೀರಿ.” ಇಳಿಯಿತು.

“ಒತ್ರಿ.” ಏರಿತು.

ಲೀಲಾಬಾಯಿ ಭೋಜಣ್ಣನನ್ನು ಇಳಿಸಿ, ರಸ್ತೆಯ ಪಕ್ಕ ಮಂಡಿಯೂರಿ ಕೂತು, ಕಾಲ ಬಳಿಯ ಮ್ಯಾಟು ಎಳೆದು ಕೈಯಾಡಿಸಿದರು. ಒಳಗಿನ ರಟ್ಟಿನ ಹಿಂದೆ ತಂತಿಗಳ ಕಟ್ಟೊಂದು ಹಾದುಹೋಗಿತ್ತು. ಅದರಲ್ಲಿ ಒಂದು ತಂತಿಯ ಮೈ ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದು, ತಾಮ್ರ ಹೊಳೆಯುತ್ತಿತ್ತು. ಕಾಲು ಒತ್ತಿದಾಗಲೆಲ್ಲ ಅದು ಕಬ್ಬಿಣಕ್ಕೆ ತಾಗಿ ಮುಳ್ಳನ್ನು ಮೇಲೆ ಹಾರಿಸುತ್ತಿತ್ತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಎದ್ದು ನಿಂತು ನಗತೊಡಗಿದರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಂಜಿಕಿ ಬರತಿತ್ತೇನ್ರಿ? ಹೇಳಬಾರದಾ?”

“ಹೇಳುವುದು ಹೇಗೆ ಮೇಡಂ?” ಭೋಜಣ್ಣ ನೆಲ ನೋಡುತ್ತ ಹೇಳಿದರು. “ಹೆಂಗಸು ಓಡಿಸುವಾಗ ಹೆದರ್ತಾನೆ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ದೇವರಾಣೆ, ಗಂಡಸರು ಓಡಿಸಿದ್ರೂ ನನಗೆ ಹೆದರಿಕೆಯೇ.”

ಗ್ಯಾರೇಜಿನವನು ತಂತಿಗೆ ಕರಿ ಟೇಪು ಸುತ್ತಿ, ಅಂಚಿನಿಂದ ದೂರ ಕಟ್ಟಿಕೊಟ್ಟ. ಮುಳ್ಳಿನ ಕಥೆ ಅಲ್ಲಿಗೆ ಮುಗಿಯಿತು. ಭೋಜಣ್ಣ ಮರಳಿ ಬಂದರು. ಹೆದರಿಕೆಯಾದಾಗ ತುಳಿಯುವ ಬದಲು ಬಾಯಿಬಿಟ್ಟು ಹೇಳಬೇಕು ಎಂದು ಲೀಲಾಬಾಯಿ ಕಟ್ಟಳೆ ಮಾಡಿದರು. ಅಂದಿನಿಂದ ಕಂಟೇನರ್ ಹತ್ತಿರ ಬಂದಾಗಲೆಲ್ಲ ಭೋಜಣ್ಣ “ಬಾಯಿ, ಸಾವಕಾಶ” ಎನ್ನುತ್ತಿದ್ದರು. ಯಾರಿಗೂ ದಾರಿ ಬಿಡದ ಲೀಲಾಬಾಯಿ ಆ ಮಾತಿಗೆ ಒಂದು ದಿನವೂ ಎದುರಾಡದೆ ನಿಧಾನಿಸುತ್ತಿದ್ದರು.

ಕೆಲವು ವರ್ಷ ಹೀಗೆ ನಡೆಯಿತು. ಭೋಜಣ್ಣ ಊರಿಗೆ ಮರಳಿ ಸಣ್ಣ ಕ್ಯಾಂಟೀನು ಇಟ್ಟರು. ನಾನು ಮದುವೆಯಾಗಿ ಠಾಣೆಯ ಮಾಜಿವಾಡಾಕ್ಕೆ ಬಂದೆ. ಪಾತ್ರೆಪಗಡಗಳನ್ನು ತಮ್ಮ ಕಾರಿನಲ್ಲೇ ತಂದು ಇಳಿಸಿದವರು ಲೀಲಾಬಾಯಿ. ಹೊಸ ಮನೆಯ ಪ್ರತಿಯೊಂದು ನಲ್ಲಿ ತಿರುಗಿಸಿ ನೋಡಿ, ಅಡುಗೆಮನೆಯ ಕಿಟಕಿಯ ಬಳಿ ನಿಂತು, “ಗಾಳಿ ಚೊಲೋ ಐತಿ,” ಎಂದರು. ಕಣ್ಣಿಗೆ ಪೊರೆ ಬರುತ್ತಿದೆ, ಇನ್ನು ಹೆದ್ದಾರಿಗೆ ಗಾಡಿ ತರುವುದಿಲ್ಲ ಎಂದೂ ಹೇಳಿದರು. ಊಟಕ್ಕೆ ನಿಲ್ಲಲಿಲ್ಲ. ನಾನು ಅವರನ್ನು ಕಂಡದ್ದು ಅದೇ ಕೊನೆ. ಆಮೇಲೆ ಫೋನಿನಲ್ಲಿ ಮಾತು, ಅದೂ ಹಬ್ಬಕ್ಕೊಮ್ಮೆ.

ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಅವರ ಹೆಸರು ಬಂತು. “ಹೇಳಿ ಬಾಯಿ,” ಎಂದೆ. ಆ ಕಡೆ ಬೇರೆ ದನಿ. “ನಾನ್ರಿ, ಅವರ ಮಗಳು ಸುಧಾ. ಅವ್ವ ಹೋದಳ್ರಿ. ಮೊನ್ನೆ.” ಅಂಥ ಹೊತ್ತಿನಲ್ಲಿ ಎಲ್ಲರೂ ಆಡುವ ಮಾತನ್ನೇ ನಾನೂ ಆಡಿ ಫೋನ್ ಇಟ್ಟೆ.

ಊರಿನಲ್ಲಿದ್ದ ಭೋಜಣ್ಣನಿಗೆ ತಿಳಿಸಿದೆ. “ಎಂತ ಆಗಿತ್ತಂತೆ?” ಎಂದು ಕೇಳಿದರು.

“ಕೇಳಲಿಲ್ಲ ಭೋಜಣ್ಣ. ಹೇಗೆ ಕೇಳುವುದು ಅಂತ ಸುಮ್ಮನಾದೆ.”

“ಕೇಳ್ಬೇಕಿತ್ತು,” ಎಂದರು. “ಅವರಾಗಿದ್ರೆ ಕೇಳ್ತಿದ್ರು.”

ಸಂಜೆ ಅದೇ ನಂಬರಿಗೆ ಮತ್ತೆ ಫೋನ್ ಮಾಡಿದೆ. ಏನಾಗಿತ್ತು, ಯಾವಾಗಿನಿಂದ, ಕೊನೆಗೆ ಹತ್ತಿರ ಯಾರಿದ್ದರು ಎಂದು ಕೇಳಿದೆ. ಸುಧಾ ಮೊದಲು ಒಂದೊಂದೇ ಮಾತಿನಲ್ಲಿ ಉತ್ತರಿಸಿದಳು. ಆಮೇಲೆ ಎಲ್ಲಿಂದಲೋ ಒಂದು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು. “ಮೊದಲಿಂದ ಹೇಳತೀನ್ರಿ,” ಎಂದಳು.