ಕೈಹಿಡಿದ ನಂಬರು

ನಮ್ಮ ಮನೆಯಲ್ಲಿ ‘ಕೊಟ್ರೇಶಾ’ ಎಂದು ಕೂಗಿದರೆ ಮೂವರು ‘ಓ’ ಅನ್ನುತ್ತಾರೆ: ನನ್ನ ಗಂಡ, ಅವರ ದೊಡ್ಡಪ್ಪನ ಮಗ, ಮೇಲಿನ ಬಾಡಿಗೆಯವರು. ನಮ್ಮ ಕೊಟ್ಟೂರಿನಲ್ಲಿ ಊರದೇವರು ಕೊಟ್ರೇಶ ಸ್ವಾಮಿಯ ಹೆಸರಿಡದ ಮನೆಯನ್ನು ಹುಡುಕಬೇಕು. ಗಂಡನ ಹೆಸರು ಹೇಳದ ರೂಢಿ ನನ್ನದು. ಕೂಗಿ ಪೇಚಾಡುವ ಕಷ್ಟವನ್ನು ದೇವರು ನನಗೆ ಕೊಟ್ಟಿಲ್ಲ.

ಇವರು ಪಡಸಾಲೆಯಲ್ಲೇ ಕೂತು ಸಣ್ಣ ಪೆಟ್ಟಿಗೆಗಳನ್ನು ತಯಾರಿಸುತ್ತಾರೆ. ಯಂತ್ರದೊಳಗೆ ಶಾಖ ಎಷ್ಟಿದೆಯೆಂದು ಅವು ತಂತಿಯ ಮೂಲಕ ಕಂಪ್ಯೂಟರಿಗೆ ಹೇಳುತ್ತವೆ. ಪ್ರತಿ ಪೆಟ್ಟಿಗೆಗೂ ಒಂದು ನಂಬರು ಬರೆಯಬೇಕು, ಮ್ಯಾಕ್ ಅಡ್ರೆಸ್ ಅಂತೆ. ಲೋಕದಲ್ಲಿ ಇಂಥ ಯಂತ್ರ ಎಷ್ಟಿದ್ದರೂ ಒಂದರ ನಂಬರು ಇನ್ನೊಂದಕ್ಕೆ ಇರಕೂಡದಂತೆ. ಕೇಳಿ ಮೈ ಜುಮ್ಮೆಂದಿತು. ಎಣಿಸಿದವನು ಶಿವನೇ ಇರಬೇಕು!

ಆದರೆ ಇವರು? ಪೂಜೆ ಮಾಡಿ ಕಳಿಸಿದ ಮೊದಲ ಪೆಟ್ಟಿಗೆ ಒಮ್ಮೆಯೂ ಕೆಡಲಿಲ್ಲವೆಂದು, ‘ಈ ನಂಬರು ಕೈಹಿಡೀತು’ ಅಂತ ಎಲ್ಲದಕ್ಕೂ ಅದನ್ನೇ ಬರೆದರು. ಒಂದೊಂದು ಒಂದೊಂದು ಊರಿಗೆ ಹೋದ್ದರಿಂದ ನಡೆದುಹೋಯಿತು.

ಹರಪನಹಳ್ಳಿಯ ಮೆಹಬೂಬಸಾಬರದು ಕೋಳಿಮರಿ ಮಾರುವ ಕಸುಬು. ಮೊಟ್ಟೆಗೆ ಕಾವು ಕೊಡುವ ಎರಡು ಯಂತ್ರಗಳಿಗೆ ಎರಡು ಪೆಟ್ಟಿಗೆ ಒಯ್ದಿದ್ದರು. ಮರುದಿನವೇ ಫೋನು.

“ಅಕ್ಕಾ, ಅಣ್ಣಾರಿಗೆ ಕೊಡ್ರಿ. ಒಂದು ಪೆಟ್ಟಿಗಿ ಮಾತಾಡಿದ್ರ ಇನ್ನೊಂದು ಮೂಗಾಕ್ಕೈತಿ. ಬಾಗ್ಲಾ ತೆಗೆದು ನೋಡಿದ್ರ ಕಾವು ಹೋಕ್ಕೈತಿ. ಒಳಗ ಮೊಟ್ಟಿ ಬೇಯಾಕತ್ಯಾವೋ ತಣ್ಣಗಾಗ್ಯಾವೋ, ಆ ಅಲ್ಲಾನ ಬಲ್ಲ!”

ನಾವು ಮೊಟ್ಟೆ ಮುಟ್ಟದವರು. ಆದರೂ ಒಳಗಿನ ಜೀವ ನೆನೆದು ಸ್ವಾಮಿಗೆ ದೀಪ ಹಚ್ಚಿದೆ, ಇವರ ಗಾಡಿಯ ಹಿಂದೆ ನಾನೂ ಹತ್ತಿದೆ.

ಅಲ್ಲಿ ಇವರು ಒಂದು ಪೆಟ್ಟಿಗೆಯ ತಂತಿ ಕಿತ್ತರು. ಇನ್ನೊಂದು ಪೆಟ್ಟಿಗೆ ಕೂಡಲೇ ಮಾತಾಡಿತು. ಇವರ ಮುಖ ಸಣ್ಣದಾಯಿತು.

“ಎರಡಕ್ಕೂ ಒಂದ ನಂಬರು ಹಾಕೀನ್ರಿ. ಯಾರ ಮಾತು ಯಾರದು ಅಂತ ಕಂಪ್ಯೂಟರಿಗೆ ತಿಳೀವಲ್ದು.”

“ನಿಮ್ಮ ಕೊಟ್ಟೂರ ಚಾಳಿ ಇಲ್ಲಿಗೂ ತಂದ್ರೇನ್ರಿ? ಪೆಟ್ಟಿಗೀನೂ ಎಲ್ಲಾ ಕೊಟ್ರೇಶ!” ಅಂದರು ಸಾಬರು.

ಇವರು ನಗಲಿಲ್ಲ. ಲ್ಯಾಪ್‌ಟಾಪ್ ತೆರೆದು ಒಂದಕ್ಕೆ ಬೇರೆ ನಂಬರು ಬರೆದು, ತಂತಿ ಮತ್ತೆ ಸಿಕ್ಕಿಸಿದರು. ಎರಡೂ ಒಟ್ಟಿಗೆ ಉಲಿದವು. ಎರಡನೇ ಯಂತ್ರದ ಕಾವು ಇಳಿಯತೊಡಗಿತ್ತು. ಸಾಬರು ಓಡಿ ಸರಿಮಾಡಿದರು. “ಉಳದ್ವು ಅಕ್ಕಾ” ಅಂದಾಗ ಅವರ ಕಣ್ಣು ಒದ್ದೆ.

ಮೊಟ್ಟೆಯೊಡೆದು ಮರಿ ಬರುವ ದಿನ ಸಾಬರು ನಮ್ಮನ್ನು ಕರೆದರು. ತಟ್ಟೆ ತುಂಬ ಒಂದೇ ಬಣ್ಣದ, ಒಂದೇ ಅಳತೆಯ ಮೊಟ್ಟೆಗಳು. ಯಾವುದಕ್ಕೂ ಯಾರೂ ಏನೂ ಬರೆದಿರಲಿಲ್ಲ. ಚಿಕ್ಕ ಕೊಕ್ಕುಗಳು ಒಳಗಿಂದ ಕುಕ್ಕುತ್ತಿದ್ದವು. ನಾನು ಉಸಿರು ಬಿಗಿಹಿಡಿದು ನೋಡಿದೆ: ಒಂದು ಮರಿಯೂ ತಪ್ಪಿ ಪಕ್ಕದ ಮೊಟ್ಟೆಯಿಂದ ಹೊರಗೆ ಬರಲಿಲ್ಲ.